ನರಮಂಡಲದ ಸ್ವಯಂ ನಿರೋಧಕ ರೋಗಗಳಲ್ಲಿ ನಿರೋಧಕ ಕೋಶಗಳ ಪಾತ್ರ

ಸೋಂಕು ತರುವ ಜೀವಿಗಳನ್ನು ಗುರುತಿಸಿ ನಾಶಮಾಡಬೇಕಾದ ನಿರೋಧಕ ಕೋಶಗಳು ದೇಹದ ಸ್ವಂತ ನರಕೋಶಗಳನ್ನೋ, ನರತಂತುಗಳ ಹೊದಿಕೆಯನ್ನೋ, ನರ ಮತ್ತು ಸ್ನಾಯು ಕೂಡುವ ಜಾಗವನ್ನೋ ಗುರಿಯಾಗಿಸಿಕೊಂಡಾಗ ಹುಟ್ಟುವ ಕಾಯಿಲೆಗಳಿಗೆ ನರಮಂಡಲದ ಸ್ವಯಂ ನಿರೋಧಕ ರೋಗಗಳೆಂದು ಹೆಸರು. ಆಸ್ಪತ್ರೆಗಳಲ್ಲಿ ಇವನ್ನು ಆಟೋಇಮ್ಯೂನ್ ಕಾಯಿಲೆ ಎಂದೇ ಕರೆಯುವುದು ರೂಢಿ. ಮಿದುಳು ಮತ್ತು ಬೆನ್ನುಹುರಿಯನ್ನು ಕಾಡುವ ಮಲ್ಟಿಪಲ್ ಸ್ಕ್ಲೀರೋಸಿಸ್ (ಎಂಎಸ್), ಕಣ್ಣಿನ ನರ ಮತ್ತು ಬೆನ್ನುಹುರಿಗೆ ಎರಗುವ ನ್ಯೂರೋಮೈಲೈಟಿಸ್ ಆಪ್ಟಿಕಾ (ಎನ್‌ಎಂಒ), ಕೈಕಾಲಿನ ನರಗಳನ್ನು ಕೆಲವೇ ದಿನಗಳಲ್ಲಿ ಸೋಲಿಸುವ ಗಿಯಾನ್-ಬಾರೆ ಸಿಂಡ್ರೋಮ್ (ಜಿಬಿಎಸ್), ಸ್ನಾಯುಗಳನ್ನು ದಣಿಸುವ ಮಯಸ್ತೇನಿಯಾ ಗ್ರೇವಿಸ್, ಮನೋರೋಗದಂತೆ ಶುರುವಾಗುವ ಆಟೋಇಮ್ಯೂನ್ ಎನ್ಸೆಫಲೈಟಿಸ್ ಈ ಗುಂಪಿನ ಮುಖ್ಯ ಕಾಯಿಲೆಗಳು. ಇವೆಲ್ಲದರಲ್ಲೂ ನಿರೋಧಕ ಕೋಶಗಳದೇ ಕೈವಾಡವಿದ್ದರೂ ಎಲ್ಲದರಲ್ಲೂ ಒಂದೇ ಬಗೆಯ ಕೋಶ ಮುಂದಾಳಲ್ಲ. ಒಂದರಲ್ಲಿ ಟಿ-ಕೋಶ ದಾಳಿಗೆ ಚಾಲನೆ ಕೊಡುತ್ತದೆ, ಇನ್ನೊಂದರಲ್ಲಿ ಬಿ-ಕೋಶದಿಂದ ಬಂದ ಪ್ರತಿಕಾಯಗಳು ಹಾನಿ ಮಾಡುತ್ತವೆ, ಮತ್ತೊಂದರಲ್ಲಿ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶ ನರದ ಹೊದಿಕೆಯನ್ನು ಕಿತ್ತು ತಿನ್ನುತ್ತದೆ. ರೋಗಿ ಚೇತರಿಸಿಕೊಳ್ಳುವನೇ, ಯಾವ ಔಷಧ ಗುಣ ಕೊಡುತ್ತದೆ, ಯಾವುದು ಕೇಡು ಮಾಡುತ್ತದೆ ಎಂಬುದೆಲ್ಲ ಈ ಮುಂದಾಳು ಯಾರೆಂಬುದನ್ನು ಅವಲಂಬಿಸಿದೆ.

ಹುಚ್ಚುನಾಯಿ ಲಸಿಕೆಯಿಂದ ಸಿಕ್ಕ ಸುಳಿವು

ದೇಹ ತನ್ನ ನರಾಂಗಾಂಶದ ಮೇಲೆಯೇ ತಿರುಗಿ ಬೀಳಬಲ್ಲದು ಎಂಬುದು ಮೊದಲು ಗೊತ್ತಾದದ್ದು ಒಂದು ಲಸಿಕೆಯ ಅಡ್ಡಪರಿಣಾಮದಿಂದ. ಲೂಯಿ ಪಾಶ್ಚರ್ 1885ರಲ್ಲಿ ಬಳಕೆಗೆ ತಂದ ರೇಬಿಸ್ ಲಸಿಕೆಯನ್ನು ಸೋಂಕು ತಗುಲಿಸಿದ ಮೊಲದ ಬೆನ್ನುಹುರಿಯನ್ನು ಒಣಗಿಸಿ ತಯಾರಿಸಲಾಗುತ್ತಿತ್ತು. ಲಸಿಕೆ ಹಾಕಿಸಿಕೊಂಡವರಲ್ಲಿ ಕೆಲವರಿಗೆ ರೇಬಿಸ್ ಬರಲಿಲ್ಲ, ಆದರೆ ಕೆಲವು ವಾರಗಳಲ್ಲಿ ಕೈಕಾಲು ಸೋತವು. ಡೇವಿಡ್ ಸೆಂಪಲ್ ಇಂದಿನ ಹಿಮಾಚಲ ಪ್ರದೇಶದ ಕಸೌಲಿಯಲ್ಲಿ ರೂಪಿಸಿ 1911ರಲ್ಲಿ ಪ್ರಕಟಿಸಿದ ಲಸಿಕೆಯಲ್ಲಿ ವೈರಸ್ಸನ್ನು ಫೀನಾಲ್‌ನಿಂದ ಕೊಲ್ಲಲಾಗಿತ್ತು. ಹಾಗಾಗಿ ಅದರಿಂದ ರೇಬಿಸ್ ಬರುವ ಭಯವಿರಲಿಲ್ಲ. ಆದರೆ ಅದು ಕುರಿಯ ಮಿದುಳಿನಿಂದ ತಯಾರಾಗುತ್ತಿತ್ತು, ವೈರಸ್ಸಿನ ಜೊತೆಗೆ ಮಿದುಳಿನ ಅಂಶವೂ ದೇಹಕ್ಕೆ ಸೇರುತ್ತಿತ್ತು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದು ಕರ್ನಾಟಕದ ಹಿರಿಯ ತಲೆಮಾರು ಇಂದಿಗೂ ನೆನೆಯುವುದು ಈ ಲಸಿಕೆಯನ್ನೇ. ಅದನ್ನು ಪಡೆದ ನಂತರ ಲಕ್ವ ಹೊಡೆದವರನ್ನು ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಅಧ್ಯಯನ ಮಾಡಿ ವರದಿಗಳನ್ನು ಪ್ರಕಟಿಸಿದ್ದಾರೆ. ಇಂಥ ರೋಗಿಗಳ ನಿರೋಧಕ ವ್ಯವಸ್ಥೆ ಮೈಲಿನ್ ಬೇಸಿಕ್ ಪ್ರೊಟೀನ್ ಎಂಬ ನರಪೊರೆಯ ಪ್ರೊಟೀನಿನ ವಿರುದ್ಧ ಕೆರಳಿರುತ್ತದೆ ಎಂಬುದನ್ನು ಥಾಯ್ಲೆಂಡಿನ ತಿರವತ್ ಹೇಮಚುಧ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಕೋಶಕೃಷಿಯಲ್ಲಿ ಬೆಳೆಸಿದ ಸುರಕ್ಷಿತ ಲಸಿಕೆಗಳು ಬಂದ ಮೇಲೂ ಭಾರತದಲ್ಲಿ ಹಳೆಯ ಲಸಿಕೆ ಪೂರ್ತಿ ನಿಲ್ಲಲು ಈ ಶತಮಾನದ ಮೊದಲ ದಶಕ ಬರಬೇಕಾಯಿತು.

ಪ್ರಯೋಗಾಲಯದಲ್ಲಿ ಇದೇ ಸುಳಿವನ್ನು ಹಿಡಿದು ಹೊರಟವರು ನ್ಯೂಯಾರ್ಕಿನ ರಾಕೆಫೆಲರ್ ಸಂಸ್ಥೆಯ ಥಾಮಸ್ ರಿವರ್ಸ್. ಮೊಲದ ಆರೋಗ್ಯವಂತ ಮಿದುಳಿನ ಅಂಶವನ್ನು ಅವರು 1930ರ ದಶಕದಲ್ಲಿ ಕೋತಿಗಳಿಗೆ ಮತ್ತೆ ಮತ್ತೆ ಚುಚ್ಚಿದರು. ಯಾವ ಸೋಂಕೂ ಇಲ್ಲದೆ ಕೋತಿಗಳಲ್ಲಿ ಕೆಲವಕ್ಕೆ ನಡೆಯಲಾಗದಾಯಿತು, ಅವುಗಳ ಮಿದುಳಿನಲ್ಲಿ ಮೈಲಿನ್ ಎಂಬ ನರತಂತುವಿನ ಹೊದಿಕೆ ಕಳಚಿದ ಜಾಗಗಳು ಕಂಡವು. ಇಎಇ ಎಂದು ಚುಟುಕಾಗಿ ಕರೆಯುವ ಈ ಪ್ರಾಯೋಗಿಕ ರೋಗವೇ ಮುಂದಿನ ಬಹುಪಾಲು ತಿಳಿವಳಿಕೆಗೆ ಆಧಾರವಾಯಿತು. ರೋಗ ಬಂದ ಇಲಿಯ ದುಗ್ಧಗ್ರಂಥಿಯ ಕೋಶಗಳನ್ನು ಆರೋಗ್ಯವಂತ ಇಲಿಗೆ ಹಾಕಿದರೆ ರೋಗವೂ ಬರುತ್ತದೆ ಎಂದು ಫಿಲಿಪ್ ಪ್ಯಾಟರ್ಸನ್ 1960ರಲ್ಲಿ ತೋರಿಸಿದರು. ದೋಷ ಕೋಶಗಳಲ್ಲಿದೆ ಎಂಬುದಕ್ಕೆ ಅದು ನೇರ ಸಾಕ್ಷಿಯಾಗಿತ್ತು. ಅವ್ರಹಮ್ ಬೆನ್-ನನ್, ಹಾರ್ಟ್‌ಮುಟ್ ವೆಕೆರ್ಲೆ ಮತ್ತು ಇರುನ್ ಕೋಹೆನ್ 1981ರಲ್ಲಿ ಮೈಲಿನ್ ಪ್ರೊಟೀನನ್ನು ಗುರುತಿಸುವ ಟಿ-ಕೋಶಗಳನ್ನಷ್ಟೇ ಬೇರ್ಪಡಿಸಿ ಬೆಳೆಸಿ ಇಲಿಗಳಿಗೆ ಕೊಟ್ಟರು. ಅಷ್ಟರಿಂದಲೇ ಇಲಿಗಳ ಕಾಲು ಸೋತವು. ಅಲ್ಲಿಂದ ಎರಡು ದಶಕಗಳ ಕಾಲ ಈ ಕ್ಷೇತ್ರದ ಗಮನವೆಲ್ಲ ಟಿ-ಕೋಶದ ಮೇಲೆ ನೆಟ್ಟಿತ್ತು. ಇಲಿಯ ರೋಗವನ್ನು ಮನುಷ್ಯನ ರೋಗವೆಂದೇ ನಂಬಿದ್ದರಿಂದ ಬಿ-ಕೋಶದ ಪಾತ್ರ ತಡವಾಗಿ ಗೊತ್ತಾಯಿತು.

ಸಹನೆ ತಪ್ಪುವ ಬಗೆ

ಟಿ-ಕೋಶಗಳು ಅಸ್ಥಿಮಜ್ಜೆಯಲ್ಲಿ ಹುಟ್ಟಿ, ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಪಳಗುತ್ತವೆ. ಪ್ರತಿ ಕೋಶದ ಮೈಮೇಲೂ ಒಂದೊಂದು ಬಗೆಯ ಗ್ರಾಹಕವಿರುತ್ತದೆ. ಈ ಗ್ರಾಹಕಗಳು ವಂಶವಾಹಿಯ ತುಣುಕುಗಳು ಯಾದೃಚ್ಛಿಕವಾಗಿ ಕೂಡಿ ಆಗುವುದರಿಂದ ಸ್ವಂತ ದೇಹದ ಪ್ರೊಟೀನುಗಳನ್ನು ಗುರುತಿಸುವ ಕೋಶಗಳು ಹುಟ್ಟುವುದು ಅನಿವಾರ್ಯ. ಥೈಮಸ್‌ನಲ್ಲಿ ಏರ್ ಎಂಬ ಜೀನ್ ದೇಹದ ಬೇರೆ ಬೇರೆ ಅಂಗಗಳ ಪ್ರೊಟೀನುಗಳನ್ನು ಅಲ್ಲೇ ತಯಾರಿಸಿ ತೋರಿಸುತ್ತದೆ. ಅವುಗಳಿಗೆ ಬಲವಾಗಿ ಅಂಟಿಕೊಂಡ ಟಿ-ಕೋಶಗಳು ಅಲ್ಲಿಯೇ ಸಾಯುತ್ತವೆ. ಆದರೆ ಈ ಜರಡಿಯಲ್ಲಿ ತೂತುಗಳಿವೆ. ಮೈಲಿನ್‌ನ ಪಿಎಲ್‌ಪಿ ಎಂಬ ಪ್ರೊಟೀನಿನ ಒಂದು ತುಣುಕು ಇಲಿಗಳ ಥೈಮಸ್‌ನಲ್ಲಿ ತಯಾರಾಗುವುದೇ ಇಲ್ಲ. ಆ ತುಣುಕಿಗೆ ಹೊಂದುವ ಟಿ-ಕೋಶಗಳು ಸಾಯದೆ ರಕ್ತಕ್ಕೆ ಬರುತ್ತವೆ. ಮನುಷ್ಯರಲ್ಲಿ ಕೂಡ ಮೈಲಿನ್ ಪ್ರೊಟೀನನ್ನು ಗುರುತಿಸುವ ಟಿ-ಕೋಶಗಳು ರೋಗಿಗಳಲ್ಲಷ್ಟೇ ಅಲ್ಲ, ಆರೋಗ್ಯವಂತರ ರಕ್ತದಲ್ಲೂ ಇವೆ. ಆದ್ದರಿಂದ ಇಂಥ ಕೋಶ ಇರುವುದೇ ರೋಗವಲ್ಲ, ಅದು ಎಚ್ಚೆತ್ತುಕೊಳ್ಳುವುದು ರೋಗ.

ಎಚ್ಚೆತ್ತುಕೊಳ್ಳಲು ಟಿ-ಕೋಶಕ್ಕೆ ಎರಡು ಸಂಕೇತಗಳು ಬೇಕು. ಡೆಂಡ್ರಿಟಿಕ್ ಕೋಶದಂಥ ನಿರೂಪಕ ಕೋಶವೊಂದು ಪ್ರೊಟೀನಿನ ತುಣುಕನ್ನು ಎಚ್‌ಎಲ್‌ಎ ಅಣುವಿನ ಮೇಲಿಟ್ಟು ತೋರಿಸುವುದು ಮೊದಲನೆಯದು. ಸೋಂಕೋ ಉರಿಯೂತವೋ ಇದ್ದಾಗ ಅದೇ ಕೋಶ ಕೊಡುವ ಸಹಸಂಕೇತ ಎರಡನೆಯದು. ಬ್ಯಾಂಕ್ ಲಾಕರ್ ತೆರೆಯಲು ಖಾತೆದಾರನ ಕೀಲಿಯೂ ಬ್ಯಾಂಕಿನ ಕೀಲಿಯೂ ಬೇಕಾಗುವಂತೆ, ಒಂದೇ ಸಂಕೇತ ಬಂದರೆ ಟಿ-ಕೋಶ ಸುಮ್ಮನಾಗುತ್ತದೆ. ತೋರಿಸುವ ತಟ್ಟೆಯಾದ ಎಚ್‌ಎಲ್‌ಎಯ ಆಕಾರ ವಂಶಪಾರಂಪರ್ಯವಾಗಿ ಬರುವಂಥದು. ಎಂಎಸ್‌ನ ಅಪಾಯ ಹೆಚ್ಚಿಸುವ ಜೀನ್‌ಗಳಲ್ಲಿ ಎಚ್‌ಎಲ್‌ಎ ಡಿಆರ್‌ಬಿ1*15:01 ಮುಂಚೂಣಿಯಲ್ಲಿರುವುದಕ್ಕೆ ಇದೇ ಕಾರಣವೆಂದು ತಿಳಿಯಲಾಗಿದೆ.

ಥೈಮಸ್‌ನಿಂದ ತಪ್ಪಿಸಿಕೊಂಡ ಕೋಶಗಳನ್ನು ಹೊರಗೆ ಹತೋಟಿಯಲ್ಲಿಡಲು ನಿಯಂತ್ರಕ ಟಿ-ಕೋಶಗಳಿವೆ. ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ಇವನ್ನು ಸ್ಪಷ್ಟವಾಗಿ ಗುರುತಿಸಿದರು. ಇವುಗಳ ಬೆಳವಣಿಗೆಗೆ ಬೇಕಾದ ಫಾಕ್ಸ್‌ಪಿ3 ಜೀನನ್ನು ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಪತ್ತೆ ಮಾಡಿದರು. ಮೂವರಿಗೂ 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು. ಎಂಎಸ್ ರೋಗಿಗಳ ರಕ್ತದಲ್ಲಿ ನಿಯಂತ್ರಕ ಕೋಶಗಳ ಸಂಖ್ಯೆ ಕಡಿಮೆಯಿಲ್ಲದಿದ್ದರೂ ಬೇರೆ ಟಿ-ಕೋಶಗಳನ್ನು ತಡೆಯುವ ಅವುಗಳ ಶಕ್ತಿ ಕುಂದಿರುತ್ತದೆ ಎಂದು ಹಾರ್ವರ್ಡಿನ ಡೇವಿಡ್ ಹಾಫ್ಲರ್ ತಂಡ 2004ರಲ್ಲಿ ವರದಿ ಮಾಡಿತು.

ಮಿದುಳಿನೊಳಗೆ ಪ್ರವೇಶ

ಮಿದುಳು ನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳದ ಅಂಗ ಎಂದು ಬಹುಕಾಲ ನಂಬಲಾಗಿತ್ತು. ಅದರ ರಕ್ತನಾಳಗಳ ಒಳಪದರದ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿದ್ದು, ರಕ್ತದಲ್ಲಿನ ಹೆಚ್ಚಿನ ಅಣುಗಳನ್ನೂ ಕೋಶಗಳನ್ನೂ ಒಳಗೆ ಬಿಡುವುದಿಲ್ಲ. ಈ ರಕ್ತ-ಮಿದುಳು ತಡೆ ಇದ್ದೂ ಟಿ-ಕೋಶಗಳು ಒಳನುಗ್ಗುವ ಬಗೆಯನ್ನು ವೆಕೆರ್ಲೆ ಮತ್ತು ಅಲೆಕ್ಸಾಂಡರ್ ಫ್ಲೂಗೆಲ್ ತಂಡ 2009ರಲ್ಲಿ ಬದುಕಿರುವ ಇಲಿಗಳಲ್ಲೇ ಸೂಕ್ಷ್ಮದರ್ಶಕದಿಂದ ಚಿತ್ರೀಕರಿಸಿತು. ಹೊಳೆಯುವ ಬಣ್ಣ ಕೊಟ್ಟ ಟಿ-ಕೋಶಗಳು ಮಿದುಳುಪೊರೆಯ ರಕ್ತನಾಳದ ಗೋಡೆಗೆ ಅಂಟಿಕೊಂಡು, ಬಹುಮಟ್ಟಿಗೆ ರಕ್ತ ಹರಿಯುವ ದಿಕ್ಕಿಗೆ ಎದುರಾಗಿ ತೆವಳುವುದು ಅದರಲ್ಲಿ ಕಂಡಿತು. ಗೋಡೆ ದಾಟಿದ ಕೋಶ ಹೊರಬದಿಯಲ್ಲಿ ಒಂದು ಭಕ್ಷಕ ಕೋಶವನ್ನು ಸಂಧಿಸುತ್ತದೆ. ಆ ಭಕ್ಷಕ ಕೋಶ ಮೈಲಿನ್ ತುಣುಕನ್ನು ತೋರಿಸಿದರೆ ಟಿ-ಕೋಶ ಮತ್ತೆ ಕೆರಳಿ ಮಿದುಳಿನ ಒಳಕ್ಕೆ ಸಾಗುತ್ತದೆ, ತೋರಿಸದಿದ್ದರೆ ಕೆಲಸ ಮುಂದುವರಿಯುವುದಿಲ್ಲ. ಇದೇ ಸಂಶೋಧಕರು 2012ರಲ್ಲಿ ಇನ್ನೊಂದು ಅಚ್ಚರಿಯನ್ನು ಕಂಡರು. ಇಲಿಗಳಲ್ಲಿ ಈ ಟಿ-ಕೋಶಗಳು ಮಿದುಳಿಗೆ ಹೋಗುವ ಮೊದಲು ಶ್ವಾಸಕೋಶದಲ್ಲಿ ತಂಗಿ, ಅಲ್ಲಿ ವಲಸೆಗೆ ಬೇಕಾದ ಗುಣಗಳನ್ನು ಪಡೆಯುತ್ತವೆ. ಧೂಮಪಾನ ಎಂಎಸ್‌ನ ಅಪಾಯವನ್ನು ಹೆಚ್ಚಿಸುತ್ತದೆ ಎಂಬ ಸಮೀಕ್ಷೆಗಳ ಜೊತೆಗಿಟ್ಟು ನೋಡಿದರೆ ಈ ಸಂಶೋಧನೆಗೆ ವಿಶೇಷ ಮಹತ್ವವಿದೆ.

ಟಿ-ಕೋಶ ಗೋಡೆಗೆ ಅಂಟಿಕೊಳ್ಳಲು ಅದರ ಮೈಮೇಲಿನ ಆಲ್ಫಾ-4 ಇಂಟೆಗ್ರಿನ್ ಎಂಬ ಅಣು ಬೇಕು. ಅದನ್ನು ಮುಚ್ಚಿದರೆ ಇಎಇ ತಡೆಯಬಹುದೆಂದು 1992ರಲ್ಲಿ ಗೊತ್ತಾಯಿತು. ಆ ತತ್ವದ ಮೇಲೆ ತಯಾರಾದ ನಟಾಲಿಝುಮ್ಯಾಬ್ 2004ರಲ್ಲಿ ಎಂಎಸ್‌ಗೆ ಔಷಧವಾಗಿ ಬಂತು. ಕೆಲವೇ ತಿಂಗಳಲ್ಲಿ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ಬಹುಜನರ ದೇಹದಲ್ಲಿ ನಿರುಪದ್ರವಿಯಾಗಿ ಅಡಗಿರುವ ಜೆಸಿ ವೈರಸ್ ಕೆಲವು ರೋಗಿಗಳ ಮಿದುಳಿನಲ್ಲಿ ಎದ್ದು ಮಾರಣಾಂತಿಕ ಕಾಯಿಲೆ ತಂದಿತ್ತು. ಬಿಗಿ ನಿಗಾ ಕ್ರಮಗಳೊಡನೆ 2006ರಲ್ಲಿ ಔಷಧ ಮರಳಿ ಬಂತು. ಟಿ-ಕೋಶಗಳು ಮಿದುಳಿಗೆ ಹೋಗುವುದು ದಾಳಿಗಷ್ಟೇ ಅಲ್ಲ, ದಿನನಿತ್ಯದ ಕಾವಲಿಗೂ ಹೌದು ಎಂಬುದು ಈ ದುರಂತದಿಂದ ಖಚಿತವಾಯಿತು. ಮಿದುಳುಪೊರೆಯಲ್ಲಿ ದುಗ್ಧನಾಳಗಳಿದ್ದು ಅವು ಕತ್ತಿನ ದುಗ್ಧಗ್ರಂಥಿಗಳಿಗೆ ಹರಿಯುತ್ತವೆ ಎಂದು 2015ರಲ್ಲಿ ಎರಡು ತಂಡಗಳು ಪ್ರತ್ಯೇಕವಾಗಿ ತೋರಿಸಿದ ಮೇಲೆ, ಮಿದುಳು ನಿರೋಧಕ ವ್ಯವಸ್ಥೆಯಿಂದ ದೂರವಿದೆ ಎಂಬ ಹಳೆಯ ನಂಬಿಕೆಗೆ ಆಧಾರವೇ ಉಳಿಯಲಿಲ್ಲ.

ಮಲ್ಟಿಪಲ್ ಸ್ಕ್ಲೀರೋಸಿಸ್

ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಝಾನ್-ಮಾರ್ಟಿನ್ ಶಾರ್ಕೋ 1868ರಲ್ಲಿ ಸ್ಪಷ್ಟವಾಗಿ ವಿವರಿಸಿದ ಈ ರೋಗ ಇಂದು ಜಗತ್ತಿನ 28 ಲಕ್ಷಕ್ಕೂ ಹೆಚ್ಚು ಜನರಿಗಿದೆ. ಹೆಂಗಸರಲ್ಲಿ ಗಂಡಸರಿಗಿಂತ ಎರಡು ಪಟ್ಟಿಗೂ ಹೆಚ್ಚು. ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನಲ್ಲಿ ಒಂದು ಕಣ್ಣು ಮಂಜಾಗುವುದು, ಕಾಲು ಜೋಮು ಹಿಡಿಯುವುದು, ನಡಿಗೆ ತಪ್ಪುವುದು ಇಂಥ ಲಕ್ಷಣಗಳೊಡನೆ ಬಂದು, ಕೆಲವು ವಾರಗಳಲ್ಲಿ ಕಡಿಮೆಯಾಗಿ, ತಿಂಗಳುಗಳೋ ವರ್ಷಗಳೋ ಕಳೆದು ಮರುಕಳಿಸುತ್ತದೆ. ಹೆಚ್ಚಿನವರಲ್ಲಿ ಮುಂದೊಂದು ದಿನ ಮರುಕಳಿಕೆ ನಿಂತು, ಅಂಗವೈಕಲ್ಯ ಮಾತ್ರ ನಿಧಾನವಾಗಿ ಏರುವ ಹಂತ ಶುರುವಾಗಬಹುದು.

ಹೊಸ ಗಾಯವೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಡುವೆ ಒಂದು ಕಿರು ಅಭಿಧಮನಿ, ಅದರ ಸುತ್ತ ತೋಳಿನ ಪಟ್ಟಿಯಂತೆ ದಟ್ಟೈಸಿದ ಲಿಂಫೋಸೈಟ್‌ಗಳು (ಟಿ ಮತ್ತು ಬಿ-ಕೋಶಗಳು), ಆಚೆಗೆ ಹರಡಿಕೊಂಡ ಭಕ್ಷಕ ಕೋಶಗಳು ಕಾಣುತ್ತವೆ. ಭಕ್ಷಕ ಕೋಶಗಳ ಹೊಟ್ಟೆ ತುಂಬ ಮೈಲಿನ್ ಚೂರುಗಳು. ಮೈಲಿನ್ ಕಳೆದುಕೊಂಡ ಆಕ್ಸಾನ್ ಎಂಬ ನರತಂತುಗಳು ಅವುಗಳ ನಡುವೆ ಬರಿಮೈಯಲ್ಲಿ ನಿಂತಿರುತ್ತವೆ, ಕೆಲವು ತುಂಡಾಗಿಯೂ ಇರುತ್ತವೆ. ಮಿದುಳಿನಲ್ಲಿ ಮೈಲಿನ್ ಸುತ್ತುವುದು ಆಲಿಗೊಡೆಂಡ್ರೊಸೈಟ್ ಎಂಬ ಕೋಶ. ಮೈಲಿನ್ ಇದ್ದಾಗ ಸಂದೇಶ ಅದರ ತುಂಡುಗಳ ನಡುವಿನ ಒಂದು ಬಿಡುವಿನಿಂದ ಇನ್ನೊಂದಕ್ಕೆ ನೆಗೆಯುತ್ತ ಸಾಗುತ್ತದೆ, ಕಳಚಿದಾಗ ನಿಧಾನಗೊಳ್ಳುತ್ತದೆ ಅಥವಾ ನಡುದಾರಿಯಲ್ಲೇ ನಿಲ್ಲುತ್ತದೆ.

ಈ ಗಾಯಕ್ಕೆ ಕಾರಣವಾದ ಕೋಶ ಯಾವುದೆಂದು ಹೇಳಿದ್ದರಲ್ಲಿ ಔಷಧಗಳ ಯಶಸ್ಸಿನಷ್ಟೇ ಪಾತ್ರ ಅವುಗಳ ಸೋಲಿಗೂ ಇದೆ. ಸಿಡಿ4 ಗುಂಪಿನ ಸಹಾಯಕ ಟಿ-ಕೋಶಗಳಲ್ಲಿ ಟಿಎಚ್1 ಬಗೆಯವು ಗಾಮಾ ಇಂಟರ್‌ಫೆರಾನ್ ಸ್ರವಿಸುತ್ತವೆ. ವೈರಸ್ ವಿರೋಧಿಯಾದ ಇದು ಒಳ್ಳೆಯದು ಮಾಡಬಹುದೆಂದು 1980ರ ದಶಕದಲ್ಲಿ 18 ಎಂಎಸ್ ರೋಗಿಗಳಿಗೆ ಕೊಟ್ಟು ನೋಡಿದಾಗ 7 ಮಂದಿಗೆ ರೋಗ ಮರುಕಳಿಸಿ ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಟಿಎಚ್1 ಕೋಶದ ಪಾತ್ರಕ್ಕೆ ಮನುಷ್ಯರಲ್ಲಿ ಸಿಕ್ಕ ಗಟ್ಟಿ ಪುರಾವೆ ಅದು. ಇಂಟರ್‌ಲ್ಯೂಕಿನ್-17 ಸ್ರವಿಸುವ ಟಿಎಚ್17 ಎಂಬ ಬೇರೆಯೇ ಬಗೆಯ ಕೋಶಗಳು 2005ರಲ್ಲಿ ಪತ್ತೆಯಾದವು. ಇಎಇಯಲ್ಲಿ ಇವುಗಳದು ದೊಡ್ಡ ಪಾತ್ರ, ಎಂಎಸ್ ಗಾಯಗಳಲ್ಲೂ ಇವು ಇವೆ. ಆದರೆ ಟಿಎಚ್1, ಟಿಎಚ್17 ಎರಡನ್ನೂ ಪೋಷಿಸುವ ಇಂಟರ್‌ಲ್ಯೂಕಿನ್ 12 ಮತ್ತು 23ನ್ನು ತಡೆಯುವ ಉಸ್ಟೆಕಿನುಮ್ಯಾಬ್ ಸೋರಿಯಾಸಿಸ್‌ಗೆ ಒಳ್ಳೆಯ ಔಷಧವಾದರೂ ಎಂಎಸ್‌ನಲ್ಲಿ ಪ್ರಯೋಜನಕ್ಕೆ ಬರಲಿಲ್ಲ. ಸಂಧಿವಾತಕ್ಕೆ ವರವಾದ ಟಿಎನ್‌ಎಫ್ ತಡೆಯಂತೂ ಎಂಎಸ್ಸನ್ನು ಹೆಚ್ಚಿಸಿತು. ಇನ್ನು ಮಿದುಳಿನ ಗಾಯಗಳಲ್ಲಿ ಎಣಿಸಿದರೆ ಸಿಡಿ4 ಕೋಶಗಳಿಗಿಂತ ಸಿಡಿ8 ಗುಂಪಿನ ಕೊಲ್ಲುವ ಟಿ-ಕೋಶಗಳೇ ಹೆಚ್ಚು. ಅವುಗಳಲ್ಲಿ ಹಲವು ಒಂದೇ ತಾಯಿಕೋಶದ ಸಂತತಿ ಎಂದು 2000ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು. ಯಾವುದೋ ಒಂದು ಗುರಿಯನ್ನು ಹಿಡಿದೇ ಅವು ಅಲ್ಲಿ ಬೆಳೆದಿವೆ ಎಂಬುದಕ್ಕೆ ಇದು ಸೂಚನೆ.

ಬಿ-ಕೋಶದ ಸುಳಿವು ಹಳೆಯದು. ಎಂಎಸ್ ರೋಗಿಯ ಬೆನ್ನಿನ ನೀರನ್ನು ತೆಗೆದು ವಿದ್ಯುತ್ ಹಾಯಿಸಿ ಬೇರ್ಪಡಿಸಿದಾಗ ಪ್ರತಿಕಾಯಗಳು ಕೆಲವೇ ತೀಕ್ಷ್ಣ ಪಟ್ಟಿಗಳಾಗಿ ಕಾಣುತ್ತವೆ, ಅದೇ ರೋಗಿಯ ರಕ್ತದಲ್ಲಿ ಆ ಪಟ್ಟಿಗಳು ಇರುವುದಿಲ್ಲ. ಆಲಿಗೊಕ್ಲೋನಲ್ ಪಟ್ಟಿ ಎನ್ನುವ ಇವು ಯೂರೋಪಿನ ರೋಗಿಗಳಲ್ಲಿ ಶೇ 90ಕ್ಕೂ ಹೆಚ್ಚು ಮಂದಿಯಲ್ಲಿವೆ, ಏಷ್ಯಾದವರಲ್ಲಿ ಪ್ರಮಾಣ ಕಡಿಮೆ. ಪ್ರತಿಕಾಯಗಳನ್ನು ಸ್ರವಿಸುವ ಕೋಶಗಳು ಮಿದುಳಿನ ಆವರಣದೊಳಗೇ ನೆಲೆಸಿವೆ ಎಂಬುದು ಇದರ ಅರ್ಥ. ಹೀಗಿದ್ದೂ ಬಿ-ಕೋಶಕ್ಕೆ ಮುಖ್ಯ ಸ್ಥಾನ ಸಿಕ್ಕಿದ್ದು 2008ರಲ್ಲಿ. ಸ್ಟೀಫನ್ ಹೌಸರ್ ನೇತೃತ್ವದಲ್ಲಿ 104 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಸಿಡಿ20 ಗುರುತುಳ್ಳ ಬಿ-ಕೋಶಗಳನ್ನು ನಾಶಮಾಡುವ ರಿಟುಕ್ಸಿಮ್ಯಾಬ್ ಎಂಆರ್‌ಐನಲ್ಲಿ ಕಾಣುವ ಹೊಸ ಉರಿಯೂತದ ಗಾಯಗಳನ್ನು ಶೇ 90ರಷ್ಟು ಇಳಿಸಿತು. ಪರಿಣಾಮ ಕೆಲವೇ ವಾರಗಳಲ್ಲಿ ಕಂಡಿತು, ಆದರೆ ಬೆನ್ನಿನ ನೀರಿನ ಪಟ್ಟಿಗಳು ಹಾಗೇ ಉಳಿದವು. ಏಕೆಂದರೆ ಪ್ರತಿಕಾಯ ಸ್ರವಿಸುವ ಪ್ಲಾಸ್ಮಾ ಕೋಶದ ಮೈಮೇಲೆ ಸಿಡಿ20 ಇರುವುದಿಲ್ಲ. ಪ್ರತಿಕಾಯ ಕಡಿಮೆಯಾಗದೆ ರೋಗ ಕಡಿಮೆಯಾಯಿತೆಂದರೆ ಬಿ-ಕೋಶ ಬೇರೇನನ್ನೋ ಮಾಡುತ್ತಿರಬೇಕು. ಟಿ-ಕೋಶಕ್ಕೆ ಪ್ರತಿಜನಕ ತೋರಿಸುವುದು, ಉರಿಯೂತ ಹೆಚ್ಚಿಸುವ ಸೈಟೊಕೈನ್ ಸ್ರವಿಸುವುದು ಅದರ ಆ ಕೆಲಸ. ಅಟಾಸಿಸೆಪ್ಟ್ ಎಂಬ ಇನ್ನೊಂದು ಬಿ-ಕೋಶ ವಿರೋಧಿ ಔಷಧ ಪ್ಲಾಸ್ಮಾ ಕೋಶಗಳನ್ನೂ ಕುಗ್ಗಿಸಿತು, ಆದರೆ ಎಂಎಸ್ ಮರುಕಳಿಕೆಗಳು ಹೆಚ್ಚಿ 2009ರಲ್ಲಿ ಪ್ರಯೋಗ ನಿಂತಿತು. ಬಿ-ಕೋಶಗಳಲ್ಲಿ ಉರಿಯೂತವನ್ನು ಶಮನ ಮಾಡುವವೂ ಇವೆ ಎಂಬುದು ಇದರಿಂದ ತಿಳಿಯಿತು.

ಬಿ-ಕೋಶದ ಮೇಲಿನ ಈ ಅನುಮಾನಕ್ಕೆ 2022ರಲ್ಲಿ ಇನ್ನಷ್ಟು ಬಲ ಬಂತು. ಅಮೆರಿಕದ ಸೇನೆಯಲ್ಲಿದ್ದ ಒಂದು ಕೋಟಿಗೂ ಹೆಚ್ಚು ಯುವಜನರ ರಕ್ತದ ಮಾದರಿಗಳ ಸಂಗ್ರಹವನ್ನು ಬಳಸಿ ಹಾರ್ವರ್ಡಿನ ಆಲ್ಬರ್ಟೊ ಅಶೇರಿಯೊ ತಂಡ ನಡೆಸಿದ ಅಧ್ಯಯನದಲ್ಲಿ, ಎಪ್‌ಸ್ಟೀನ್-ಬಾರ್ ವೈರಸ್ ಸೋಂಕಿನ ನಂತರ ಎಂಎಸ್‌ನ ಅಪಾಯ 32 ಪಟ್ಟು ಏರಿತ್ತು. ಬೇರೆ ವೈರಸ್‌ಗಳಿಂದ ಹೀಗಾಗಲಿಲ್ಲ. ಎಪ್‌ಸ್ಟೀನ್-ಬಾರ್ ವೈರಸ್ ಜೀವನಪೂರ್ತಿ ಅಡಗಿ ಕೂರುವುದು ಬಿ-ಕೋಶದಲ್ಲಿಯೇ. ಅದರ ಇಬಿಎನ್‌ಎ1 ಪ್ರೊಟೀನನ್ನು ಹಿಡಿಯುವ ಕೆಲವು ಪ್ರತಿಕಾಯಗಳು ಮಿದುಳಿನ ಗ್ಲಿಯಲ್‌ಕ್ಯಾಮ್ ಪ್ರೊಟೀನನ್ನೂ ಹಿಡಿಯುತ್ತವೆ ಎಂದು ಅದೇ ವರ್ಷ ಸ್ಟ್ಯಾನ್‌ಫರ್ಡಿನ ಸಂಶೋಧಕರು ತೋರಿಸಿದರು. ಹೆಚ್ಚುಕಡಿಮೆ ಎಲ್ಲ ವಯಸ್ಕರಿಗೂ ಈ ವೈರಸ್ ತಗುಲಿರುವಾಗ ಎಂಎಸ್ ಕೆಲವರಿಗೆ ಮಾತ್ರ ಬರುವುದರಿಂದ ವೈರಸ್ ಒಂದೇ ಸಾಲದು. ವಂಶವಾಹಿ, ಧೂಮಪಾನ, ವಿಟಮಿನ್ ಡಿ ಕೊರತೆ ಮೊದಲಾದವು ಅದರ ಜೊತೆ ಸೇರಬೇಕು.

ನಿಧಾನವಾಗಿ ಏರುವ ಹಂತದಲ್ಲಿ ನೋಟ ಬದಲಾಗುತ್ತದೆ. ರಕ್ತದಿಂದ ಬರುವ ಕೋಶಗಳು ಕಡಿಮೆಯಾಗಿ, ಉರಿಯೂತ ಮಿದುಳಿನೊಳಗೇ ಬೀಡುಬಿಡುತ್ತದೆ. ಮಿದುಳುಪೊರೆಯ ಮಡಿಕೆಗಳಲ್ಲಿ ಬಿ-ಕೋಶಗಳು ಗುಂಪುಗೂಡುತ್ತವೆ, ಅವುಗಳ ಕೆಳಗಿನ ಬೂದು ಪದರ ಮೈಲಿನ್ ಕಳೆದುಕೊಳ್ಳುತ್ತದೆ. ಹಳೆಯ ಗಾಯಗಳ ಅಂಚಿನಲ್ಲಿ ಮೈಕ್ರೊಗ್ಲಿಯಾ ಕೋಶಗಳು ಕಬ್ಬಿಣದ ಅಂಶವನ್ನು ತುಂಬಿಕೊಂಡು ವರ್ಷಗಟ್ಟಲೆ ಕ್ರಿಯಾಶೀಲವಾಗಿರುತ್ತವೆ. ಸ್ಪೇನಿನ ಪಿಯೊ ದೆಲ್ ರಿಯೊ ಒರ್ತೇಗಾ 1919ರಲ್ಲಿ ಗುರುತಿಸಿದ ಈ ಕೋಶಗಳು ಭ್ರೂಣಾವಸ್ಥೆಯ ಆರಂಭದಲ್ಲೇ ಅಂಡಪೀತ ಚೀಲದಿಂದ ಮಿದುಳಿಗೆ ಬಂದು ನೆಲೆಸಿದಂಥವು. ರಕ್ತದ ಕೋಶಗಳನ್ನು ತಡೆಯುವ ಔಷಧಗಳು ಇವನ್ನು ಮುಟ್ಟುವುದಿಲ್ಲ. ಮರುಕಳಿಕೆಗಳನ್ನು ಚೆನ್ನಾಗಿ ತಡೆಯುವ ಔಷಧಗಳು ಈ ಹಂತದಲ್ಲಿ ಬಹುಮಟ್ಟಿಗೆ ಸೋಲುವುದು ಅದಕ್ಕೇ.

ಪ್ರತಿಕಾಯ ಹಾನಿ ಮಾಡುವ ರೋಗಗಳು

ಫ್ರಾನ್ಸಿನ ಯೂಜೀನ್ ದೆವಿಕ್ 1894ರಲ್ಲಿ ವಿವರಿಸಿದ ನ್ಯೂರೋಮೈಲೈಟಿಸ್ ಆಪ್ಟಿಕಾವನ್ನು ಒಂದು ಶತಮಾನಕ್ಕೂ ಹೆಚ್ಚು ಕಾಲ ಎಂಎಸ್‌ನದೇ ಒಂದು ಬಗೆ ಎಂದು ತಿಳಿಯಲಾಗಿತ್ತು. ಅಮೆರಿಕದ ಮೇಯೊ ಕ್ಲಿನಿಕ್ಕಿನ ವಂಡಾ ಲೆನನ್ ಮತ್ತು ಸಂಗಡಿಗರು 2004ರಲ್ಲಿ ಈ ರೋಗಿಗಳ ರಕ್ತದಲ್ಲಿ ವಿಶಿಷ್ಟ ಪ್ರತಿಕಾಯವೊಂದನ್ನು ಕಂಡರು. ಅದರ ಗುರಿ ಮೈಲಿನ್ ಅಲ್ಲ, ಮಿದುಳಿನ ಪೋಷಕ ಕೋಶಗಳಾದ ಆಸ್ಟ್ರೊಸೈಟ್‌ಗಳ ಪಾದದಲ್ಲಿರುವ ನೀರಿನ ಕಾಲುವೆಯಾದ ಅಕ್ವಪೋರಿನ್-4 ಎಂದು ಮರುವರ್ಷ ಗೊತ್ತಾಯಿತು. ಪ್ರತಿಕಾಯ ಅಂಟಿದೊಡನೆ ರಕ್ತದ ಕಾಂಪ್ಲಿಮೆಂಟ್ ಪ್ರೊಟೀನುಗಳು ಒಂದರ ಹಿಂದೊಂದು ಕ್ರಿಯಾಶೀಲವಾಗಿ ಆಸ್ಟ್ರೊಸೈಟನ್ನು ತೂತುಮಾಡುತ್ತವೆ. ಆ ಕರೆಗೆ ನ್ಯೂಟ್ರೊಫಿಲ್ ಮತ್ತು ಇಯೊಸಿನೊಫಿಲ್‌ಗಳು ಓಡಿಬರುತ್ತವೆ. ಎಂಎಸ್ ಗಾಯದಲ್ಲಿ ಅಪರೂಪವಾದ ಈ ಎರಡು ಕೋಶಗಳು ಎನ್‌ಎಂಒ ಗಾಯದಲ್ಲಿ ಢಾಳಾಗಿ ಕಾಣುತ್ತವೆ. ಮೈಲಿನ್ ಹಾಳಾಗುವುದು ಆಸ್ಟ್ರೊಸೈಟ್ ಸತ್ತ ನಂತರ. ಕಾಂಪ್ಲಿಮೆಂಟ್ ಸರಣಿಯನ್ನು ನಡುವೆ ಕಡಿಯುವ ಎಕ್ಯುಲಿಝುಮ್ಯಾಬ್‌ನ ಪ್ರಯೋಗದ ಫಲಿತಾಂಶ 2019ರಲ್ಲಿ ಪ್ರಕಟವಾದಾಗ ಔಷಧ ಪಡೆದವರಲ್ಲಿ ಶೇ 3 ಮಂದಿಗೆ, ಪಡೆಯದವರಲ್ಲಿ ಶೇ 43 ಮಂದಿಗೆ ರೋಗ ಮರುಕಳಿಸಿತ್ತು. ರೋಗದ ಹಾದಿ ಸರಿಯಾಗಿ ತಿಳಿದರೆ ಚಿಕಿತ್ಸೆ ಎಷ್ಟು ನೇರವಾಗಬಲ್ಲದು ಎಂಬುದಕ್ಕೆ ಇಡೀ ಕ್ಷೇತ್ರದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ.

ಎನ್‌ಎಂಒಗೂ ಎಂಎಸ್‌ಗೂ ವ್ಯತ್ಯಾಸ ತಿಳಿಯುವುದು ಚಿಕಿತ್ಸೆಯ ದೃಷ್ಟಿಯಿಂದಲೂ ಮುಖ್ಯ. ಬೀಟಾ ಇಂಟರ್‌ಫೆರಾನ್, ಫಿಂಗೊಲಿಮೊಡ್, ನಟಾಲಿಝುಮ್ಯಾಬ್ ಎಂಎಸ್‌ಗೆ ಔಷಧವಾದರೂ ಎನ್‌ಎಂಒವನ್ನು ಕೆರಳಿಸುತ್ತವೆ. ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಮತ್ತು ಅವರ ತಂಡ ಮೈಲಿನ್ ಕಳಚುವ ರೋಗಗಳ ದಾಖಲಾತಿ ಇಟ್ಟು, ಅಕ್ವಪೋರಿನ್-4 ಹಾಗೂ ಮೈಲಿನ್‌ನ ಮಾಗ್ (ಎಂಒಜಿ) ಪ್ರೊಟೀನಿನ ವಿರುದ್ಧದ ಪ್ರತಿಕಾಯಗಳ ಪರೀಕ್ಷೆಯನ್ನು ಇಲ್ಲಿಯ ರೋಗಿಗಳಿಗೆ ನಿಲುಕುವಂತೆ ಮಾಡಿದ್ದು ಈ ದೃಷ್ಟಿಯಿಂದ ದೊಡ್ಡ ಕೆಲಸ.

ಮಯಸ್ತೇನಿಯಾ ಗ್ರೇವಿಸ್‌ನಲ್ಲಿ ಪ್ರತಿಕಾಯಗಳ ಗುರಿ ಸ್ನಾಯುವಿನ ಮೇಲಿನ ಅಸಿಟೈಲ್‌ಕೋಲಿನ್ ಗ್ರಾಹಕ. ಬೆಳಿಗ್ಗೆ ಸರಿಯಿದ್ದ ರೆಪ್ಪೆ ಸಂಜೆಯ ಹೊತ್ತಿಗೆ ಜೋಲುತ್ತದೆ, ಊಟದ ನಡುವೆ ದವಡೆ ಸೋಲುತ್ತದೆ, ಮಾತು ಮೂಗಿನಲ್ಲಿ ಬರುತ್ತದೆ. ಎಲೆಕ್ಟ್ರಿಕ್ ಈಲ್ ಮೀನಿನ ಗ್ರಾಹಕವನ್ನು ಮೊಲಗಳಿಗೆ ಚುಚ್ಚಿದಾಗ ಇದೇ ರೋಗ ಬಂದದ್ದನ್ನು ಜೇಮ್ಸ್ ಪ್ಯಾಟ್ರಿಕ್ ಮತ್ತು ಜಾನ್ ಲಿಂಡ್‌ಸ್ಟ್ರಾಮ್ 1973ರಲ್ಲಿ ವರದಿ ಮಾಡಿದರು. ಈ ರೋಗದ ಮೂಲ ಬಹಳ ಸಲ ಥೈಮಸ್‌ನಲ್ಲೇ ಇದೆ. ಟಿ-ಕೋಶಗಳನ್ನು ಪಳಗಿಸಬೇಕಾದ ಗ್ರಂಥಿಯಲ್ಲಿ ಬಿ-ಕೋಶಗಳ ಮೊಳಕೆ ಕೇಂದ್ರಗಳು ಬೆಳೆದು, ಸಹಾಯಕ ಟಿ-ಕೋಶಗಳ ನೆರವಿನಿಂದ ಪ್ರತಿಕಾಯಗಳು ತಯಾರಾಗುತ್ತವೆ. ರೋಗಿಗಳಲ್ಲಿ ಶೇ 10ರಿಂದ 15 ಮಂದಿಗೆ ಥೈಮಸ್ ಗಡ್ಡೆಯೂ ಇರುತ್ತದೆ. ಗಡ್ಡೆ ಇಲ್ಲದವರಲ್ಲೂ ಥೈಮಸ್ ತೆಗೆದರೆ ರೋಗ ಹಗುರಾಗುತ್ತದೆ ಎಂದು 2016ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪ್ರಯೋಗ ಸಾಬೀತು ಮಾಡಿತು.

ಪ್ಯಾರಿಸ್ಸಿನ ಗಿಯಾನ್, ಬಾರೆ ಮತ್ತು ಸ್ಟ್ರೋಲ್ 1916ರಲ್ಲಿ ಇಬ್ಬರು ಸೈನಿಕರಲ್ಲಿ ವಿವರಿಸಿದ ಸಿಂಡ್ರೋಮ್ ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಂದ ಇಬ್ಬರಿಗೆ ಬರುತ್ತದೆ. ಬಹಳಷ್ಟು ಮಂದಿಗೆ ಕೆಲವು ವಾರಗಳ ಹಿಂದೆ ಭೇದಿಯೋ ಶೀತಜ್ವರವೋ ಆಗಿರುತ್ತದೆ. ಭೇದಿ ತರುವ ಕ್ಯಾಂಪೈಲೋಬ್ಯಾಕ್ಟರ್ ಜೆಜುನಿ ಬ್ಯಾಕ್ಟೀರಿಯದ ಹೊರಮೈಯ ಸಕ್ಕರೆ ಸರಪಳಿ ನರದ ಮೇಲಿನ ಜಿಎಂ1 ಗ್ಯಾಂಗ್ಲಿಯೊಸೈಡನ್ನು ಹೋಲುತ್ತದೆ. ಬ್ಯಾಕ್ಟೀರಿಯಕ್ಕೆಂದು ತಯಾರಾದ ಪ್ರತಿಕಾಯ ನರಕ್ಕೂ ಅಂಟುತ್ತದೆ. ಮುಂದಿನ ಕೆಲಸ ಮ್ಯಾಕ್ರೋಫೇಜ್‌ನದು. ಒಂದು ಬಗೆಯಲ್ಲಿ ಅದು ಕೈಕಾಲಿನ ನರಗಳಿಗೆ ಮೈಲಿನ್ ಸುತ್ತುವ ಶ್ವಾನ್ ಕೋಶದ ಪೊರೆ ಸೀಳಿ ಒಳಹೊಕ್ಕು ಮೈಲಿನ್ ಪದರಗಳನ್ನು ಸುಲಿಯುತ್ತದೆ. ಉತ್ತರ ಚೀನಾದ ಮಕ್ಕಳಲ್ಲಿ ಹೆಚ್ಚಾಗಿ ಕಂಡ ಇನ್ನೊಂದು ಬಗೆಯಲ್ಲಿ ಮೈಲಿನ್‌ಗೆ ಕೈಹಾಕದೆ, ಮೈಲಿನ್ ತುಂಡುಗಳ ನಡುವಿನ ಬಿಡುವಿನಲ್ಲಿ ನುಸುಳಿ ಆಕ್ಸಾನನ್ನೇ ಸುತ್ತುವರಿಯುತ್ತದೆ. ನರದ ಪ್ರೊಟೀನುಗಳನ್ನು ಗುರುತಿಸುವ ಟಿ-ಕೋಶಗಳೂ ಜಿಬಿಎಸ್ ರೋಗಿಗಳಲ್ಲಿವೆ ಎಂದು 2024ರ ಸ್ವಿಸ್ ಅಧ್ಯಯನ ತೋರಿಸಿತು. ಪುಣೆಯ ಸಿಂಹಗಡ ರಸ್ತೆಯ ಸುತ್ತಮುತ್ತ 2025ರ ಜನವರಿಯಲ್ಲಿ ಜಿಬಿಎಸ್ ಪ್ರಕರಣಗಳು ಒಮ್ಮೆಲೇ ಏರಿದಾಗ ಕೆಲವು ರೋಗಿಗಳ ಮಲದ ಮಾದರಿಗಳಲ್ಲಿ ಇದೇ ಬ್ಯಾಕ್ಟೀರಿಯ ಸಿಕ್ಕಿತು, ಕುಡಿಯುವ ನೀರಿನ ಮೇಲೆ ಅನುಮಾನ ಬಂತು. ಪ್ಲಾಸ್ಮಾ ಬದಲಾವಣೆ ಅಥವಾ ರಕ್ತನಾಳಕ್ಕೆ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಇದಕ್ಕೆ ಚಿಕಿತ್ಸೆ. ಉಳಿದ ಸ್ವಯಂ ನಿರೋಧಕ ರೋಗಗಳಲ್ಲಿ ಮೊದಲು ಕೈಗೆತ್ತಿಕೊಳ್ಳುವ ಸ್ಟೀರಾಯ್ಡ್ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ.

ಎನ್‌ಎಂಡಿಎ ಗ್ರಾಹಕದ ವಿರುದ್ಧದ ಎನ್ಸೆಫಲೈಟಿಸ್ ಅನ್ನು ಹೋಸೆಪ್ ದಲ್ಮಾವ್ 2007ರಲ್ಲಿ ವಿವರಿಸಿದರು. ಮೊದಲು ಗುರುತಿಸಿದ ರೋಗಿಗಳು ಅಂಡಾಶಯದಲ್ಲಿ ಟೆರಟೋಮ ಗಡ್ಡೆಯಿದ್ದ ಯುವತಿಯರು. ಗಡ್ಡೆಯಲ್ಲಿ ಬೆಳೆದ ನರಾಂಗಾಂಶವನ್ನು ಕಂಡು ಬಿ-ಕೋಶಗಳು ಎಚ್ಚೆತ್ತಿದ್ದವು. ಭ್ರಮೆ, ಅರಚಾಟ, ನಿದ್ದೆಗೇಡಿನಿಂದ ಶುರುವಾಗಿ ಫಿಟ್ಸ್, ಬಾಯಿಯ ವಿಚಿತ್ರ ಚಲನೆಗಳು, ಪ್ರಜ್ಞೆ ಕುಂದುವಿಕೆಯವರೆಗೆ ಹೋಗುವ ಈ ಕಾಯಿಲೆಯವರನ್ನು ಮನೆಯವರು ಮೊದಲು ಮನೋವೈದ್ಯರ ಬಳಿಗೋ ಮಂತ್ರವಾದಿಯ ಬಳಿಗೋ ಕರೆದೊಯ್ಯುವುದು ಸಹಜ. ಪ್ರತಿಕಾಯ ಇಲ್ಲಿ ನರಕೋಶವನ್ನು ಕೊಲ್ಲುವುದಿಲ್ಲ. ಎರಡೆರಡು ಗ್ರಾಹಕಗಳನ್ನು ಸೇರಿಸಿ ಹಿಡಿದು, ಅವು ಕೋಶದೊಳಕ್ಕೆ ಸರಿದುಹೋಗುವಂತೆ ಮಾಡುತ್ತದೆ. ಪ್ರತಿಕಾಯ ಹೋದರೆ ಗ್ರಾಹಕಗಳು ಮರಳುತ್ತವೆ. ತಿಂಗಳುಗಟ್ಟಲೆ ಐಸಿಯುನಲ್ಲಿದ್ದವರೂ ಓದಿಗೆ, ಕೆಲಸಕ್ಕೆ ಹಿಂತಿರುಗಿರುವುದು ಇದರಿಂದ ಸಾಧ್ಯವಾಗಿದೆ.

ಕೊಲ್ಲುವ ಟಿ-ಕೋಶಗಳು

ಶ್ವಾಸಕೋಶ, ಸ್ತನ, ಅಂಡಾಶಯದ ಕೆಲವು ಕ್ಯಾನ್ಸರ್‌ಗಳಲ್ಲಿ ನರಕೋಶದ ಪ್ರೊಟೀನುಗಳು ತಯಾರಾಗುತ್ತವೆ. ಗಡ್ಡೆಯ ಮೇಲೆ ಎದ್ದ ಸಿಡಿ8 ಕೋಶಗಳು ಮಿದುಳಿಗೂ ಹೋಗಿ ಅದೇ ಪ್ರೊಟೀನಿರುವ ನರಕೋಶಗಳನ್ನು ಒಂದೊಂದಾಗಿ ಕೊಲ್ಲುತ್ತವೆ. ಹು, ಯೊ ಎಂಬ ಹೆಸರಿನ ಪ್ರತಿಕಾಯಗಳು ರಕ್ತದಲ್ಲಿ ಸಿಗುತ್ತವಾದರೂ ಅವು ಗುರುತುಗಳಷ್ಟೇ. ಅವುಗಳ ಗುರಿ ಕೋಶದೊಳಗಿರುವುದರಿಂದ ಪ್ರತಿಕಾಯ ಅಲ್ಲಿಗೆ ಮುಟ್ಟಿ ಹಾನಿ ಮಾಡುವುದು ಕಷ್ಟ. ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲವಾದ್ದರಿಂದ ಇಲ್ಲಿ ಪೂರ್ಣ ಚೇತರಿಕೆ ಅಪರೂಪ. ಮಕ್ಕಳ ಮಿದುಳಿನ ಒಂದೇ ಅರ್ಧವನ್ನು ಕುಗ್ಗಿಸುತ್ತ ಹೋಗುವ ರಾಸ್ಮುಸೆನ್ ಎನ್ಸೆಫಲೈಟಿಸ್‌ನಲ್ಲೂ ಸಿಡಿ8 ಕೋಶಗಳದೇ ದಾಳಿ. ಹಗಲಲ್ಲೇ ತಡೆಯಲಾಗದ ನಿದ್ದೆ ಬರಿಸುವ ನಾರ್ಕೊಲೆಪ್ಸಿಯ ಒಂದು ಬಗೆಯಲ್ಲಿ ಒರೆಕ್ಸಿನ್ ಸ್ರವಿಸುವ ನರಕೋಶಗಳು ನಾಶವಾಗಿರುತ್ತವೆ. ಎಚ್1ಎನ್1 ಜ್ವರಕ್ಕೆ 2009-10ರಲ್ಲಿ ಬಳಸಿದ ಪ್ಯಾಂಡೆಮ್ರಿಕ್ಸ್ ಲಸಿಕೆಯ ನಂತರ ಫಿನ್ಲೆಂಡ್, ಸ್ವೀಡನ್‌ಗಳ ಮಕ್ಕಳಲ್ಲಿ ಇದು ಹೆಚ್ಚಿದಾಗ ಸ್ವಯಂ ನಿರೋಧಕತೆಯ ಶಂಕೆ ಬಲವಾಯಿತು. ಒರೆಕ್ಸಿನ್ ಗುರುತಿಸುವ ಟಿ-ಕೋಶಗಳು 2018ರಲ್ಲಿ ಪತ್ತೆಯಾದವು.

ಚಿಕಿತ್ಸೆ

ತುರ್ತು ದಾಳಿಯಲ್ಲಿ ಸ್ಟೀರಾಯ್ಡ್, ಪ್ಲಾಸ್ಮಾ ಬದಲಾವಣೆ, ಇಮ್ಯುನೊಗ್ಲಾಬ್ಯುಲಿನ್ ಹಳೆಯ ಆಯುಧಗಳು. ದೀರ್ಘಕಾಲದ ಚಿಕಿತ್ಸೆ ಈಗ ಕೋಶವನ್ನು ನೋಡಿ ನಿರ್ಧಾರವಾಗುತ್ತದೆ. ಚೀನೀ ವೈದ್ಯದಲ್ಲಿ ಬಳಕೆಯಲ್ಲಿದ್ದ ಶಿಲೀಂಧ್ರವೊಂದರ ಅಂಶದಿಂದ ರೂಪುಗೊಂಡ ಫಿಂಗೊಲಿಮೊಡ್ ಲಿಂಫೋಸೈಟ್‌ಗಳನ್ನು ದುಗ್ಧಗ್ರಂಥಿಯಲ್ಲೇ ಹಿಡಿದಿಡುತ್ತದೆ. ಸಿಡಿ20 ವಿರೋಧಿಯಾದ ಒಕ್ರೆಲಿಝುಮ್ಯಾಬ್ 2017ರಲ್ಲಿ ಮನ್ನಣೆ ಪಡೆದು, ಆರಂಭದಿಂದಲೇ ಏರುತ್ತ ಹೋಗುವ ಎಂಎಸ್‌ಗೆ ಸಿಕ್ಕ ಮೊದಲ ಔಷಧವಾಯಿತು. ಭಾರತದಲ್ಲಿ ಬೆಲೆಯ ಕಾರಣದಿಂದ ಇದೇ ಗುಂಪಿನ ರಿಟುಕ್ಸಿಮ್ಯಾಬ್ ಹೆಚ್ಚು ಬಳಕೆಯಲ್ಲಿದೆ. ಬಿ-ಕೋಶ ಮತ್ತು ಮೈಕ್ರೊಗ್ಲಿಯಾ ಎರಡರೊಳಗೂ ಇರುವ ಬಿಟಿಕೆ ಕಿಣ್ವವನ್ನು ತಡೆಯುವ, ಮಿದುಳಿನೊಳಕ್ಕೆ ಹೋಗಬಲ್ಲ ಟೊಲೆಬ್ರುಟಿನಿಬ್ ಮರುಕಳಿಕೆ ನಿಂತ ಹಂತದಲ್ಲೂ ಅಂಗವೈಕಲ್ಯವನ್ನು ನಿಧಾನಗೊಳಿಸಿದ್ದು ಈಚಿನ ಗಮನಾರ್ಹ ಫಲಿತಾಂಶ, ಯಕೃತ್ತಿನ ಮೇಲಿನ ಅದರ ಪರಿಣಾಮ ಮಾತ್ರ ಚಿಂತೆಯ ವಿಷಯ. ರೋಗಿಯ ಸ್ವಂತ ಟಿ-ಕೋಶಗಳನ್ನು ಹೊರತೆಗೆದು, ಬಿ-ಕೋಶಗಳನ್ನು ಬೇಟೆಯಾಡುವಂತೆ ಮಾರ್ಪಡಿಸಿ ಹಿಂದಿರುಗಿಸುವ ಕಾರ್-ಟಿ ಚಿಕಿತ್ಸೆ 2022ರಲ್ಲಿ ಜರ್ಮನಿಯ ಎರ್ಲಾಂಗೆನ್‌ನಲ್ಲಿ ಐವರು ಲೂಪಸ್ ರೋಗಿಗಳಲ್ಲಿ ಫಲ ಕೊಟ್ಟ ಮೇಲೆ ಮಯಸ್ತೇನಿಯಾ, ಎಂಎಸ್‌ಗಳಲ್ಲೂ ಪ್ರಯೋಗದ ಹಂತದಲ್ಲಿದೆ.

ನಿರೋಧಕ ಕೋಶವನ್ನು ಕಡಿಮೆ ಮಾಡುವ ಯಾವ ಔಷಧವೂ ಸೋಂಕಿನ ಅಪಾಯದಿಂದ ಹೊರತಲ್ಲ. ರಿಟುಕ್ಸಿಮ್ಯಾಬ್ ಯಕೃತ್ತಿನಲ್ಲಿ ಅಡಗಿರುವ ಹೆಪಟೈಟಿಸ್ ಬಿ ವೈರಸ್ಸನ್ನು ಎಬ್ಬಿಸಬಲ್ಲದು, ದೀರ್ಘಕಾಲದ ಸ್ಟೀರಾಯ್ಡ್ ಸುಪ್ತ ಕ್ಷಯವನ್ನು ಕೆರಳಿಸಬಲ್ಲದು. ಕ್ಷಯ ವ್ಯಾಪಕವಾಗಿರುವ ಭಾರತದಲ್ಲಿ ಚಿಕಿತ್ಸೆ ಆರಂಭಿಸುವ ಮುನ್ನ ಈ ಎರಡರ ಪರೀಕ್ಷೆಯನ್ನೂ ಮಾಡಿಸಿ, ಬೇಕಾದ ಲಸಿಕೆಗಳನ್ನು ಮೊದಲೇ ಹಾಕಿಸಿಕೊಳ್ಳಬೇಕು.